ಗಂಟಿಲ್ಲದ ತುದಿ

ಹಗ್ಗದ ತುದಿಯಲ್ಲಿ ಗಂಟಿರಲಿಲ್ಲ.

ಗೆರಾಕಿ ಗೋಡೆ ಎಂಬ ಕಡಿದಾದ ಬಂಡೆಯ ಬುಡಕ್ಕೆ ದೋಣಿ ತಾಗಿಸಿ ಇಳಿದವರೆಲ್ಲ ಮೊದಲು ಕೆಳಗೆ ನೋಡಿದರು, ಆಮೇಲೆ ಮೇಲೆ. ಕೆಳಗೆ, ಸಮುದ್ರದ ಅಂಚಿನ ಕಲ್ಲುಹಾಸಿನ ಮೇಲೆ, ವಾಲ್ಟ್ರೌಡ್ ಎಂಬ ಆಸ್ಟ್ರಿಯಾದ ಹೆಂಗಸು ಅಂಗಾತ ಬಿದ್ದಿದ್ದಳು. ಉಸಿರಿತ್ತು, ಎಚ್ಚರವಿರಲಿಲ್ಲ. ಮೇಲೆ, ಎಂಟು ಮೀಟರ್ ಎತ್ತರದಲ್ಲಿ, ಕಿತ್ತಳೆ ಬಣ್ಣದ ಹಗ್ಗದ ತುದಿಯೊಂದು ಗಾಳಿಗೆ ತೂಗುತ್ತಿತ್ತು. ಬೋಳು ತುದಿ.

ಅದು ಮಂಗಳವಾರದ ಮಾತು. ಗುರುವಾರ ಬೆಳಗಾಗುವಷ್ಟರಲ್ಲಿ ಗ್ರೀಸಿನ ಕಾಲಿಮ್ನೋಸ್ ದ್ವೀಪದಲ್ಲಿ ಆ ಬೋಳು ತುದಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನೇ ಉಳಿದಿರಲಿಲ್ಲ. ಮೀನಿನ ಕಟ್ಟೆಯಲ್ಲಿ, ಕಾಫಿ ಅಂಗಡಿಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಒಂದೇ ತೀರ್ಪು: ಬಂಡೆ ಹತ್ತಿಸುವ ಗೈಡ್ ಪೊಥಿತೋಸ್ ಗಂಟು ಹಾಕಲು ಮರೆತ. ಐವತ್ತೇಳು ವರ್ಷ. ಕೆಲಸ ಜಾಸ್ತಿ, ನಿದ್ದೆ ಕಡಿಮೆ. ಪಾಪ.

ಹಾಗೆ ಹೇಳದೆ ಉಳಿದವಳು ಸಾರ್ಜೆಂಟ್ ಥೆಮೆಲೀನಾ ಒಬ್ಬಳೇ. ಅದೂ ಅನುಮಾನದಿಂದಲ್ಲ, ಸುಸ್ತಿನಿಂದ. ಠಾಣೆಯಲ್ಲಿ ನಾಲ್ಕು ಜನ ಇರಬೇಕಾದಲ್ಲಿ ಇಬ್ಬರಿದ್ದರು. ಮನೆಯಲ್ಲಿ ಆರು ವರ್ಷದ ಮಗಳಿಗೆ ಜ್ವರ ಬಿಟ್ಟಿರಲಿಲ್ಲ. ಎದುರಿಗಿದ್ದ ಕಾಗದ ತುಂಬಿಸಿ ಮುಗಿಸಿದರೆ ಮನೆಗೆ ಹೋಗಿ ಎರಡು ಗಂಟೆ ಮಲಗಬಹುದಿತ್ತು. ಸಂಜೆ ನಾಲ್ಕಕ್ಕೆ ಕೋಸ್ ದ್ವೀಪದ ಹಡಗಿನಲ್ಲಿ ಸರ್ಕಾರಿ ವಕೀಲರು ಬರುವವರಿದ್ದರು. ಅವರ ಕೈಗೆ ಗೈಡಿನ ತಪ್ಪೊಪ್ಪಿಗೆ ಕೊಟ್ಟರೆ ಕಥೆ ಮುಗಿಯಿತು. ವಾಲ್ಟ್ರೌಡ್ ಬದುಕಿದರೆ ಅವನ ಪರವಾನಗಿ ಹೋಗುತ್ತದೆ. ಸತ್ತರೆ ಜೈಲು.

ತಪ್ಪೊಪ್ಪಿಕೊಳ್ಳಲು ಪೊಥಿತೋಸನೂ ತಯಾರಾಗಿಯೇ ಕೂತಿದ್ದ.

"ಬರ್ಕೊಳ್ಳಮ್ಮ, ಮರೆತೆ ಅಂತ," ಅಂದ.

"ಮರೆತ್ರಾ?"

"ಗೊತ್ತಿಲ್ಲ."

"ಮಂಗಳವಾರ ಹಾಕಿದ್ದೆ ಅಂದ್ರಿ."

"ಮಂಗಳವಾರ ಗೊತ್ತಿತ್ತು. ಎರಡು ದಿನದಿಂದ ಊರಿಗೂರೇ ಹಾಕಿಲ್ಲ ಅಂತಿದೆ. ನಾನೊಬ್ಬನೇ ಎಷ್ಟೂಂತ ಹಾಕಿದ್ದೆ ಹಾಕಿದ್ದೆ ಅನ್ನಲಿ? ಸುಸ್ತಾಗಿದೆ ಥೆಮೆಲೀನಾ. ಎಲ್ಲಿ ಸೈನ್ ಹಾಕ್ಬೇಕು ತೋರ್ಸು."

ಥೆಮೆಲೀನಾ ಕಾಗದ ಕೊಡಲಿಲ್ಲ. ಕೊಡಬೇಕೆಂದೇ ಕೈ ಚಾಚಿದ್ದಳು, ಆದರೆ ಆ 'ಗೊತ್ತಿಲ್ಲ' ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತಿತು. ಸುಳ್ಳು ಹೇಳುವವನು ಹಾಕಿದ್ದೆ ಅನ್ನುತ್ತಾನೆ. ನಿಜವಾಗಿ ಮರೆತವನು ಅಯ್ಯೋ ಮರೆತೆ ಅನ್ನುತ್ತಾನೆ. ಇವನು ಎರಡೂ ಅನ್ನುತ್ತಿಲ್ಲ.

"ಇನ್ನೊಂದ್ಸಲ ಮೊದಲಿಂದ ಹೇಳಿ ಅಣ್ಣ," ಅಂದಳು.

ಹೇಳಿದ. ಹಗ್ಗದ ಲೆಕ್ಕ ಸರಳ. ಒಂದು ತುದಿ ಹತ್ತುವವರ ಸೊಂಟಪಟ್ಟಿಗೆ. ಬಂಡೆಯ ನೆತ್ತಿಯಲ್ಲಿ ಕೂರಿಸಿದ ಉಕ್ಕಿನ ಬಳೆಯೊಳಗೆ ಹಾದು ಹಗ್ಗ ಕೆಳಗೆ ಬರುತ್ತದೆ, ಗೈಡಿನ ಸೊಂಟದಲ್ಲಿರುವ ಬ್ರೇಕಿಗೆ. ಇಳಿಸುವಾಗ ಗೈಡು ಬ್ರೇಕಿನಿಂದ ಹಗ್ಗವನ್ನು ಸ್ವಲ್ಪ ಸ್ವಲ್ಪ ಬಿಡುತ್ತ ಹೋಗುತ್ತಾನೆ. ಗೆರಾಕಿ ಗೋಡೆಯ ಎತ್ತರ ಮೂವತ್ತೆಂಟು ಮೀಟರ್. ಹಗ್ಗ ಎಪ್ಪತ್ತು. ನೆಲ ಮುಟ್ಟಲು ಆರು ಮೀಟರ್ ಸಾಲದು. ಆದರೆ ಸರಿಯಾಗಿ ಆ ಆರು ಮೀಟರ್ ಎತ್ತರದಲ್ಲಿ ಎಡಕ್ಕೆ ಮೆಟ್ಟಿಲಿನಂಥ ಒಂದು ಕಲ್ಲಿದೆ. ಹಗ್ಗದ ಕೊನೆಗೆ ಹಾಕಿದ ಗಂಟು ಬ್ರೇಕಿಗೆ ಬಂದು ತಡೆದಾಗ ಇಳಿಯುವವರ ಪಾದ ಆ ಮೆಟ್ಟಿಲಿಗೆ ಬಂದಿರುತ್ತದೆ. ಅಲ್ಲಿಂದ ನಡೆದು ಇಳಿಯಬಹುದು. ಇಪ್ಪತ್ತೆರಡು ವರ್ಷದಿಂದ ಪೊಥಿತೋಸ್ ಹೀಗೇ ಇಳಿಸುತ್ತಿದ್ದ. ಗಂಟು ಬರುವವರೆಗೆ ಹಗ್ಗ ಬಿಡುವುದು, ಕಣ್ಣು ಮಾತ್ರ ಇಳಿಯುವವರ ಮೇಲೆ. ಮಂಗಳವಾರ ಗಂಟು ಬರಲೇ ಇಲ್ಲ. ಹಗ್ಗದ ತುದಿಯೇ ಬ್ರೇಕಿನಿಂದ ಜಾರಿ ಮೇಲಕ್ಕೆ ಹೋಯಿತು.

"ಗಂಟು ಹ್ಯಾಗೆ ಹಾಕ್ತೀರಿ?"

"ನಮ್ಮಪ್ಪ ಹಾಕ್ತಿದ್ದ ಹಾಗೆ. ಹಾಕಿ ಸಮುದ್ರದ ನೀರಲ್ಲಿ ಅದ್ದಿ ಎಳೀತೀನಿ. ಒದ್ದೆಯಾದ್ರೆ ಬಿಗಿಯಾಗಿ ಕೂರತ್ತೆ."

"ಅದಾದ್ಮೇಲೆ?"

"ಹಗ್ಗ ಚೀಲದ ಮೇಲೆ ರಾಶಿ ಹಾಕ್ದೆ. ಆ ಯಮ್ಮನ್ನ ಬಂಡೆ ಮೂಲೆ ಆಚೆ ಕರ್ಕೊಂಡು ಹೋದೆ, ಇಳಿಯೋ ಮೆಟ್ಟಿಲು ತೋರ್ಸೋಕೆ. ಕಾಲು ಗಂಟೆ. ವಾಪಸ್ ಬಂದ್ವಿ, ಹತ್ತಿದ್ಲು."

"ವಾಪಸ್ ಬಂದಾಗ ಹಗ್ಗ ನೋಡಿದ್ರಾ?"

ಅವನು ತಲೆ ತಗ್ಗಿಸಿದ. "ಹತ್ತೋರನ್ನ ನೋಡ್ಬೇಕು ಕಣಮ್ಮ. ಹಗ್ಗ ಕೈಗೇ ಗೊತ್ತಾಗತ್ತೆ. ಅವತ್ತು ಬೆಣ್ಣೆ ಥರ ಓಡ್ತು. ಒಂದು ಕಡೆನೂ ಸಿಕ್ಕಾಗ್ಲಿಲ್ಲ."

ಥೆಮೆಲೀನಾ ಅದನ್ನೂ ಬರೆದುಕೊಂಡಳು. ಯಾಕೆಂದು ಆಗ ಅವಳಿಗೇ ತಿಳಿದಿರಲಿಲ್ಲ.

ಹೊರಗೆ ಬಾಗಿಲ ಬಳಿ ಪೊಥಿತೋಸನ ಹೆಂಡತಿ ಎವ್ದೊಕೀಯಾ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ಡಬ್ಬಿ ಹಿಡಿದು ನಿಂತಿದ್ದಳು. ಗಂಡ ಎರಡು ದಿನದಿಂದ ಏನೂ ತಿಂದಿಲ್ಲ, ನಿದ್ದೆಯಂತೂ ಮಾಡೇ ಇಲ್ಲ ಎಂದು ದೂರಿದಳು. ಆಮೇಲೆ ಒಳಗಿರುವವನಿಗೆ ಕೇಳಲೆಂದೇ ದನಿ ಏರಿಸಿದಳು: "ನನ್ನ ಹೆಸರಿನ ಸಂತಳ ಹಬ್ಬ ಮರೀತಾನೆ. ಒಲೆ ಆರಿಸೋದು ಮರೀತಾನೆ. ಗಂಟು ಮಾತ್ರ ಮರೆಯಲ್ಲ. ಬರ್ಕೋ ಇದನ್ನ."

ಹೆಂಡತಿಯ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಆದರೂ ಥೆಮೆಲೀನಾ ಟೋಪಿ ಹಾಕಿಕೊಂಡಳು. ನಿದ್ದೆ ಇನ್ನೊಂದು ದಿನಕ್ಕೆ ಮುಂದೆ ಹೋಯಿತು.

ಆ ಹೊತ್ತು ಕಲ್ಲುಹಾಸಿನ ಮೇಲೆ ಇದ್ದವರು ಮೂರೇ ಜನ—ಪೊಥಿತೋಸ್, ವಾಲ್ಟ್ರೌಡ್, ಅವಳ ಗಂಡ ಗೆರ್ನೋಟ್. ನಾಲ್ಕನೆಯವನೊಬ್ಬ ನೀರಿನಲ್ಲಿದ್ದ: ಅವರನ್ನು ಬಿಡಲು ಬಂದ ದೋಣಿಯ ಸಾಕೆಲ್ಲಾರಿ, ಎವ್ದೊಕೀಯಾಳ ಒಡಹುಟ್ಟಿದ ಅಣ್ಣ. ದೋಣಿಯಿಂದ ಕಾಲು ಕೆಳಗಿಡಲಿಲ್ಲ ಎಂದು ಅವನು ಮಂಗಳವಾರ ರಾತ್ರಿಯೇ ಹೇಳಿಕೆ ಕೊಟ್ಟಿದ್ದ. ಐವತ್ತು ಮೀಟರ್ ದೂರದಲ್ಲಿ ಲಂಗರು ಹಾಕಿ ಸ್ಕ್ವಿಡ್ ಮೀನು ಹಿಡಿಯುತ್ತಿದ್ದನಂತೆ.

ಮೊದಲು ಗೆರ್ನೋಟ್. ಹೆಂಡತಿಯನ್ನು ಹೆಲಿಕಾಪ್ಟರಿನಲ್ಲಿ ಅಥೆನ್ಸಿಗೆ ಒಯ್ದಾಗ ಅವನಿಗೆ ಜಾಗವಿರಲಿಲ್ಲ. ಮಧ್ಯಾಹ್ನದ ವಿಮಾನಕ್ಕೆ ಹೊರಟು ನಿಂತಿದ್ದ, ಎರಡು ಪೆಟ್ಟಿಗೆಗಳ ನಡುವೆ. ಸೋಮವಾರ ಗಂಡ ಹೆಂಡತಿ ಜಗಳವಾಡಿದರು, ಗೋಡೆಗೆಲ್ಲ ಕೇಳಿಸಿತು ಎಂದು ವಸತಿಗೃಹದ ಯಜಮಾನಿ ಆಗಲೇ ಕಿವಿಗೆ ಹಾಕಿದ್ದಳು. ಥೆಮೆಲೀನಾ ಅದನ್ನೇ ಕೇಳಿದಳು. ಗೆರ್ನೋಟ್ ಮುಚ್ಚಿಡಲಿಲ್ಲ. ಮೊಣಕಾಲಿನ ಶಸ್ತ್ರಚಿಕಿತ್ಸೆ ಆದಮೇಲೆ ತಾನು ಹತ್ತುವುದನ್ನು ಬಿಟ್ಟೆ, ಅವಳು ಬಿಡಲಿಲ್ಲ, ಜಗಳ ಅದಕ್ಕೇ ಎಂದ. ಅವಳು ಬೀಳಲಿ ಎಂದು ಒಂದು ಕ್ಷಣವೂ ಅನ್ನಿಸಿರಲಿಲ್ಲವೇ? ಅವಳು ಹೆದರಲಿ ಅನ್ನಿಸಿತ್ತು, ಒಂದು ಸಲ ಹೆದರಿ ವಾಪಸ್ ಬರಲಿ ಅಂತ, ಎಂದ.

ಆ ಕಾಲು ಗಂಟೆ ಎಲ್ಲಿದ್ದ? ದೋಣಿಯ ಹೊಗೆಯ ವಾಸನೆಗೆ ವಾಂತಿ ಬಂದು ಬಂಡೆಯ ಹಿಂದೆ ಹೋಗಿ ಕೂತಿದ್ದನಂತೆ. ಯಾರನ್ನೂ ನೋಡಲಿಲ್ಲ. ಗಂಟು ಇತ್ತೋ ಇಲ್ಲವೋ ತಿಳಿಯದು. ಹಗ್ಗ ಮಾತ್ರ ಬಲು ಅಂದವಾಗಿ ಸುತ್ತಿಟ್ಟಿತ್ತು, ನಿಮ್ಮ ಗೈಡು ಶಿಸ್ತಿನ ಮನುಷ್ಯ ಅಂದುಕೊಂಡೆ ಎಂದು ಕಹಿಯಾಗಿ ನಕ್ಕ. ತೆಗೆದ ಅರವತ್ತಮೂರು ಫೋಟೋಗಳನ್ನೂ ಅವಳಿಗೆ ಕೊಟ್ಟ.

ಠಾಣೆಗೆ ಮರಳಿ ಥೆಮೆಲೀನಾ ಹಿತ್ತಲಂಗಳದಲ್ಲಿ ಹಗ್ಗ ಬಿಚ್ಚಿ ಟೇಪು ಹಿಡಿದು ಅಳೆದಳು. ಎಪ್ಪತ್ತಿರಲಿಲ್ಲ. ಅರವತ್ತೆಂಟು. ಮತ್ತೊಮ್ಮೆ ಅಳೆದಳು. ಅರವತ್ತೆಂಟೇ. ಬೋಳು ತುದಿಯನ್ನು ಬೆಂಕಿಯಲ್ಲಿ ಕರಗಿಸಿ ಒತ್ತಿದ ಗುರುತು ಹೊಸದಾಗಿ ಹೊಳೆಯುತ್ತಿತ್ತು.

ಹಗ್ಗಗಳ ಉಸ್ತುವಾರಿ ನೊಮಿಕೀಯದು. ಇಪ್ಪತ್ತಾರರ ಹುಡುಗಿ, ಪೊಥಿತೋಸನ ಕೈಯಲ್ಲೇ ಕೆಲಸ ಕಲಿತು ಗೈಡಾದವಳು. ಮುದುಕ ಕೆಲಸ ಬಿಟ್ಟು ಕೂತರೆ ಗೆರಾಕಿ ಗೋಡೆ ಇವಳಿಗೇ ಎಂದು ಊರು ತಮಾಷೆ ಮಾಡುತ್ತಿತ್ತು. ಈಗ ಅದೇ ತಮಾಷೆಗೆ ಹಲ್ಲು ಬಂದಿತ್ತು. ಠಾಣೆಗೆ ಬಂದವಳ ಕಣ್ಣು ಊದಿತ್ತು. ಥೆಮೆಲೀನಾ ಮಾತಿಲ್ಲದೆ ಹಗ್ಗದ ತುದಿಯನ್ನು ಅವಳ ಮುಂದಿಟ್ಟಳು.

"ಯಾವಾಗ ಕತ್ತರಿಸ್ದೆ?"

"ಸೋಮವಾರ ಸಂಜೆ ಅಕ್ಕ. ತುದಿ ಬಂಡೆಗೆ ಉಜ್ಜಿ ನಾರುನಾರಾಗಿತ್ತು."

"ಪೊಥಿತೋಸ್‌ಗೆ ಹೇಳಿದ್ಯಾ?"

ನೊಮಿಕೀ ತುಟಿ ಕಚ್ಚಿದಳು. "ಬೆಳಿಗ್ಗೆ ಹೇಳೋಣ ಅಂತಿದ್ದೆ. ಏಳೋದು ತಡ ಆಯ್ತು. ಅಷ್ಟೊತ್ತಿಗೆ ದೋಣಿ ಹೋಗಿತ್ತು." ಒಂದು ಕ್ಷಣ ತಡೆದು, "ನಾನೇ ಬೀಳಿಸಿದ್ದು ಅಕ್ಕ ಅವಳ್ನ. ಎರಡು ದಿನದಿಂದ ಹೇಳ್ಬೇಕು ಅಂತ ಠಾಣೆ ತನಕ ಬಂದು ಬಂದು ವಾಪಸ್ ಹೋಗಿದೀನಿ."

"ಅಳೋದು ಆಮೇಲೆ. ಗಂಟು ಇದ್ದಿದ್ರೆ, ಹಗ್ಗ ಎರಡು ಮೀಟರ್ ಕಡಿಮೆ ಇದ್ದಿದ್ದಕ್ಕೆ ಏನಾಗ್ತಿತ್ತು?"

ಹುಡುಗಿ ಕಣ್ಣೊರೆಸಿಕೊಂಡು ಯೋಚಿಸಿದಳು. "ಏನಿಲ್ಲ. ಮೆಟ್ಟಿಲಿಗಿಂತ ಎರಡು ಮೀಟರ್ ಮೇಲೆ ನಿಲ್ತಿದ್ಲು. ಪೊಥಿತೋಸ್ ನನಗೆ ಬೈತಿದ್ರು."

"ಕತ್ತರಿಸಿದ ಮೇಲೆ ಈ ಹಗ್ಗನ ಯಾರು ಬಳಸಿದ್ರು?"

"ಯಾರೂ ಇಲ್ಲ. ಚೀಲಕ್ಕೆ ಹಾಕಿ ಅವರ ಮನೆ ಬಾಗಿಲಲ್ಲಿ ಇಟ್ಟು ಬಂದೆ. ಮಂಗಳವಾರ ಬೆಳಿಗ್ಗೆನೇ ಮೊದಲ ಸಲ."

"ತುದಿಗೆ ಗಂಟು ನೀನು ಹಾಕಿದ್ಯಾ?"

"ಇಲ್ಲಕ್ಕ. ಹಗ್ಗ ಹಿಡಿಯೋರೇ ಗಂಟು ಹಾಕ್ಬೇಕು. ಇನ್ನೊಬ್ಬರ ಗಂಟು ನಂಬಬಾರದು. ಪೊಥಿತೋಸ್ ಮೊದಲನೇ ದಿನ ಹೇಳ್ಕೊಟ್ಟಿದ್ದೇ ಅದು."

ಥೆಮೆಲೀನಾ ತುದಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಎರಡು ದಿನದಿಂದ ಈ ತುದಿ ಎಲ್ಲರ ಕಣ್ಣೆದುರಿಗೇ ಇತ್ತು. ಎಲ್ಲರೂ ನೋಡಿದ್ದು ಅಲ್ಲಿ ಇಲ್ಲದ್ದನ್ನು. ಇದ್ದದ್ದನ್ನು ಯಾರೂ ನೋಡಿರಲಿಲ್ಲ. ಕೊನೆಯ ಒಂದು ಮೊಳ ಹಗ್ಗ ನೆಟ್ಟಗಿರಲಿಲ್ಲ. ಬಾಗಿ, ತಿರುಗಿ, ಮತ್ತೆ ಬಾಗಿ ಗಟ್ಟಿಯಾಗಿತ್ತು, ಬಾಗಿದ ಕಡೆಯೆಲ್ಲ ಉಪ್ಪಿನ ಬಿಳಿ ಪುಡಿ. ಅದಕ್ಕಿಂತ ಮೇಲಿನ ಹಗ್ಗವೆಲ್ಲ ನೆಟ್ಟಗಿತ್ತು. ಬೆಳಿಗ್ಗೆ ಜ್ವರಕ್ಕೆ ತಲೆ ನೋಯುತ್ತದೆ ಎಂದು ಮಗಳು ಅತ್ತಾಗ ಥೆಮೆಲೀನಾಳೇ ಅವಳ ಜಡೆ ಬಿಚ್ಚಿದ್ದಳು. ಬಿಚ್ಚಿದ ಮೇಲೂ ಕೂದಲು ಹೆಣೆದ ಹಾಗೆಯೇ ಅಲೆಯಲೆಯಾಗಿ ನಿಂತಿತ್ತು.

ಸೋಮವಾರ ಸಂಜೆ ಹುಟ್ಟಿದ ತುದಿ ಇದು. ಮಂಗಳವಾರ ಬೆಳಿಗ್ಗೆ ಒಂದೇ ಒಂದು ಸಲ ಕೈಗೆ ಬಂದದ್ದು. ಅದರ ಮೇಲೆ ಗಂಟಿನ ಅಚ್ಚು ಇದೆ, ಸಮುದ್ರದ ನೀರಿನಲ್ಲಿ ಅದ್ದಿ ಬಿಗಿದ ಗಂಟಿನದು.

ಪೊಥಿತೋಸ್ ಗಂಟು ಹಾಕಿದ್ದ. ಯಾರೋ ಬಿಚ್ಚಿದ್ದರು.

ಓಡಿಹೋಗಿ ಅವನಿಗೆ ಹೇಳಬೇಕೆಂದು ಥೆಮೆಲೀನಾಳಿಗೆ ಅನ್ನಿಸಿತು. ಹೇಳಲಿಲ್ಲ. ಬಿಚ್ಚಿದವರ ಹೆಸರು ಸಿಗದಿದ್ದರೆ ಅರ್ಧ ಸತ್ಯಕ್ಕೆ ವಕೀಲರ ಹತ್ತಿರ ಬೆಲೆಯಿಲ್ಲ. ಅವನೇ ಹಾಕಿ ಅವನೇ ಬಿಚ್ಚಿರಬೇಕು ಅನ್ನುತ್ತಾರೆ. ಗಂಟೆ ಒಂದೂವರೆ ಆಗಿತ್ತು.

ಫೋಟೋಗಳನ್ನು ಒಂದೊಂದಾಗಿ ನೋಡತೊಡಗಿದಳು. ಸಮುದ್ರ, ಬಂಡೆ, ವಾಲ್ಟ್ರೌಡಳ ನಗು, ಮತ್ತೆ ಸಮುದ್ರ. ಒಂಬತ್ತೂ ಐವತ್ತರ ಫೋಟೋದಲ್ಲಿ ಮೂಲೆಗೆ ನೀಲಿ ಚೀಲ, ಅದರ ಮೇಲೆ ಹಗ್ಗ ಶಾವಿಗೆಯ ಹಾಗೆ ರಾಶಿ. ಬಂಡೆ ಹತ್ತುವವರು ಹಗ್ಗ ಇಡುವುದೇ ಹಾಗೆ, ಒಂದು ತುದಿಯಿಂದ ಹಿಡಿದು ಸುರಿಯುತ್ತ ಹೋಗುವುದು. ಹತ್ತೂ ಇಪ್ಪತ್ತೈದರ ಫೋಟೋದಲ್ಲಿ ವಾಲ್ಟ್ರೌಡ್ ಹತ್ತಲು ಶುರುಮಾಡಿದ್ದಾಳೆ. ಪೊಥಿತೋಸ್ ಅವಳನ್ನೇ ನೋಡುತ್ತಿದ್ದಾನೆ. ಅವನ ಹಿಂದೆ, ಎರಡು ಹೆಜ್ಜೆ ಮೇಲಿನ ಕಲ್ಲಿನ ಮೇಲೆ, ಹಗ್ಗ ಚಕ್ಕುಲಿ ಸುತ್ತಿದ ಹಾಗೆ ದುಂಡಗೆ ಕೂತಿದೆ. ಸುತ್ತಿನ ಮೇಲೆ ಸುತ್ತು, ಎಲ್ಲವೂ ಬಲಕ್ಕೆ. ಮೊದಲು ಹಗ್ಗವಿದ್ದ ಕೆಳಗಿನ ಕಲ್ಲು ಒದ್ದೆ.

ಬೆಳಗಿನ ಸಮುದ್ರ ತಟ್ಟೆಯ ನೀರಿನ ಹಾಗಿತ್ತು ಎಂದು ಎಲ್ಲರೂ ಹೇಳಿದ್ದರು. ಹಾಗಾದರೆ ಕಲ್ಲು ಒದ್ದೆಯಾದದ್ದು ಹೇಗೆ? ಥೆಮೆಲೀನಾ ಗೋಡೆಯ ಮೇಲಿನ ಹಡಗಿನ ವೇಳಾಪಟ್ಟಿ ನೋಡಿದಳು. ಕೋಸ್ ಹಡಗು ಬೆಳಿಗ್ಗೆ ಹತ್ತಕ್ಕೆ ಗೆರಾಕಿ ಗೋಡೆಯ ಮುಂದೆ ಹಾದುಹೋಗುತ್ತದೆ. ಹಡಗು ದಾಟಿದ ಐದು ನಿಮಿಷಕ್ಕೆ ಅದರ ಅಲೆ ದಡಕ್ಕೆ ಬರುತ್ತದೆ. ಅಷ್ಟು ಹೊತ್ತಿಗೆ ಪೊಥಿತೋಸ್ ಮತ್ತು ವಾಲ್ಟ್ರೌಡ್ ಮೂಲೆಯಾಚೆ. ಗೆರ್ನೋಟ್ ಬಂಡೆಯ ಹಿಂದೆ ವಾಂತಿ ಮಾಡುತ್ತ. ಅಲೆ ಬರುವುದನ್ನು ಮೊದಲು ಕಾಣುವವನು ನೀರಿನ ಮೇಲಿದ್ದವನು.

ಅವಳು ಆ ದುಂಡು ಸುತ್ತನ್ನು ಬಹಳ ಹೊತ್ತು ನೋಡಿದಳು. ಸಾಕೆಲ್ಲಾರಿಗೆ ಹೇಳಿ ಕಳಿಸಿದಳು. ಆಮೇಲೆ ಪೊಲೀಸ್ ದೋಣಿಯ ಹಳೆಯ ಹಗ್ಗವೊಂದನ್ನು ತಂದು ಬಕೆಟ್ಟಿನಲ್ಲಿ ನೆನೆಸಿ, ತುದಿಗೆ ಒಂದು ಗಂಟು ಬಿಗಿದು, ಹಿತ್ತಲಂಗಳದ ಕಟ್ಟೆಯ ಮೇಲೆ ಮುದ್ದೆಯಾಗಿ ಎಸೆದಳು.

ಸಾಕೆಲ್ಲಾರಿ ಮೂರಕ್ಕೆ ಬಂದ. ಅರವತ್ತೆಂಟು ವರ್ಷ, ಎಡಗಾಲು ಎಳೆದು ನಡೆಯುತ್ತಿದ್ದ. ಒಂದು ಕಾಲದಲ್ಲಿ ಕಡಲ ತಳದ ಸ್ಪಂಜು ತೆಗೆಯಲು ಆಳಕ್ಕಿಳಿದು ಅವಸರದಲ್ಲಿ ಮೇಲೆ ಬಂದವರಿಗೆ ಸಮುದ್ರ ಕೊಡುವ ಕಾಲು ಅದು. ಕಾಲು ಹೋದಮೇಲೆ ಮೂವತ್ತು ವರ್ಷ ದೋಣಿಯ ಮೇಲೆ ನಿಂತು ಮುಳುಗುವವರ ಹಗ್ಗ ಹಿಡಿದಿದ್ದ. ಥೆಮೆಲೀನಾಳ ಅಪ್ಪನ ಹಗ್ಗವನ್ನೂ ಹಿಡಿದಿದ್ದ. ಅದಕ್ಕೇ ಅವಳು ಅವನನ್ನು ಕೂರಿಸಿ, ಕಾಫಿ ಕೊಟ್ಟು, ತಾನು ಎದುರಿಗೆ ಕುಕ್ಕರಿಸಿದಳು. ಕಟ್ಟೆಯ ಮೇಲಿನ ಹಗ್ಗ ಅವನ ಮೊಣಕೈ ಪಕ್ಕದಲ್ಲಿತ್ತು.

ಅಥೆನ್ಸಿನಿಂದ ಫೋನ್ ಬಂದಿತ್ತು ಎಂದು ಮೊದಲು ತಿಳಿಸಿದಳು. ಆಪರೇಷನ್ ಮುಗಿದಿದೆ. ಬದುಕುತ್ತಾಳೆ, ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು. ಮುದುಕ ಶಿಲುಬೆಯ ಗುರುತು ಹಾಕಿಕೊಂಡ. ಕೈ ಹಣೆಯ ಹತ್ತಿರ ಸ್ವಲ್ಪ ಹೊತ್ತು ನಿಂತೇಬಿಟ್ಟಿತು.

ಆ ಬೆಳಿಗ್ಗೆ ಸ್ಕ್ವಿಡ್ ಸಿಕ್ಕಿತಾ ಎಂದು ಕೇಳಿದಳು. ಒಂದೆರಡು ಎಂದ. ಹಡಗಿನ ಅಲೆ ಬಂತಾ? ಬಂದಿರಬೇಕು, ನೆನಪಿಲ್ಲ ಎಂದ. ಆಮೇಲೆ ಅವಳು ಗೆರಾಕಿ ಗೋಡೆಯ ಮಾತನ್ನೇ ಬಿಟ್ಟಳು. ಹಳೆಯ ಕಾಲದ ಮಾತಿಗೆ ಹೋದಳು. ಅಪ್ಪ ಎಷ್ಟು ಆಳಕ್ಕೆ ಇಳಿಯುತ್ತಿದ್ದ? ಹಗ್ಗ ಎಷ್ಟು ಸಲ ಜಗ್ಗಿದರೆ ಮೇಲೆತ್ತಬೇಕಿತ್ತು? ಅವನ ಮುಖದ ಬಿಗುವು ಸಡಿಲವಾಯಿತು. ನಿಮ್ಮಪ್ಪ ಮೇಲೆ ಬರಲು ಒಪ್ಪುತ್ತಿರಲಿಲ್ಲ, ಬೈದು ಎಳೆಯಬೇಕಿತ್ತು ಎಂದು ನಕ್ಕ. ಉತ್ತರ ಆಫ್ರಿಕಾದ ಕಡಲಿನ ಬಿಸಿಲು, ಆರು ತಿಂಗಳು ಉಪ್ಪು ಮೀನು, ದೋಣಿಯಲ್ಲಿ ನಡೆದ ಮೂರು ಜಗಳಗಳ ಕಥೆ ಬಂದವು. ಅವನು ಹೇಳುತ್ತ ಹೋದ. ಅವಳು ಕೇಳುತ್ತ ಹೋದಳು, ಕಣ್ಣು ಮಾತ್ರ ಅವನ ಮುಖದ ಮೇಲಿರಲಿಲ್ಲ.

ಕಾಲು ಗಂಟೆ ಕಳೆದ ಮೇಲೆ ಮೆಲ್ಲಗೆ ಅಂದಳು: "ನಿಮ್ಮ ಕೈ ನೋಡ್ಕೊಳ್ಳಿ ಮಾವ."

ಸಾಕೆಲ್ಲಾರಿ ನೋಡಿಕೊಂಡ.

ಹಗ್ಗ ಅವನ ತೊಡೆಯ ಪಕ್ಕದಲ್ಲಿ ದುಂಡಗೆ ಸುತ್ತಿಕೊಂಡಿತ್ತು, ಸುತ್ತಿನ ಮೇಲೆ ಸುತ್ತು, ಎಲ್ಲವೂ ಬಲಕ್ಕೆ. ತುದಿ ಅವನ ಹೆಬ್ಬೆರಳ ಕೆಳಗಿತ್ತು. ಗಂಟಿರಲಿಲ್ಲ.

ಅಂಗಳದಲ್ಲಿ ಒಂದು ಬೆಕ್ಕು ಹಾದುಹೋಯಿತು.

"ಇಲ್ಲಿ ಗಂಟು ಇತ್ತಾ?" ಕೇಳಿದ.

"ಇತ್ತು. ನೀವು ಬಿಚ್ಚಿದ್ದು ನಿಮಗೇ ಗೊತ್ತಾಗಿಲ್ಲ. ಮಂಗಳವಾರನೂ ಹೀಗೇ ಆಯ್ತಲ್ವಾ?"

ಅವನು ಹಗ್ಗ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ತೆರೆದ ಹಾಗಿತ್ತು, ಮುಚ್ಚಿಕೊಂಡ.

"ಅಲೆ ಬರ್ತಿತ್ತು," ಅಂದ ಕಡೆಗೆ. "ಹಗ್ಗ ನೀರಿನಂಚಲ್ಲೇ ಬಿದ್ದಿತ್ತು. ಕೂಗಿದೆ, ಯಾರೂ ಇಲ್ಲ. ದೋಣಿ ತಂದು ಹಾರಿದೆ. ಅಷ್ಟರಲ್ಲಿ ಕೆಳಗಿನ ತುದಿ ಒದ್ದೆ ಆಗೇಹೋಯ್ತು. ಎತ್ತಿ ಒದರಿ ಮೇಲಿಟ್ಟೆ. ಮಳೆ ಬಂದ್ರೆ ಪಕ್ಕದ ಮನೆಯೋರ ಬಟ್ಟೆ ಎತ್ತಿಡಲ್ವಾ, ಹಂಗೆ. ಹೇಳೋಂಥ ವಿಷಯ ಅಂತನೇ ಅನ್ನಿಸ್ಲಿಲ್ಲ."

"ಗಂಟು?"

"ಹಗ್ಗದಲ್ಲಿ ಗಂಟಿದ್ರೆ ಬಿಚ್ಬೇಕು ಕಣೇ. ನಿಮ್ಮಪ್ಪನ್ನ ಕೇಳಿದ್ರೆ ಹೇಳ್ತಿದ್ದ. ಗಂಟು ದೋಣಿಯಂಚಿಗೆ ಸಿಕ್ಕೊಂಡ್ರೆ ಹಗ್ಗ ಓಡಲ್ಲ. ಓಡ್ಲಿಲ್ಲ ಅಂದ್ರೆ ಕೆಳಗಿರೋನು ಸಾಯ್ತಾನೆ."

"ಇಲ್ಲಿ ಇದ್ದೋಳು ಮೇಲಿದ್ಲು ಮಾವ."

ಒಬ್ಬನ ಹಗ್ಗ ಓಡಿದರೆ ಜೀವ, ಇನ್ನೊಬ್ಬನ ಹಗ್ಗ ನಿಂತರೆ ಜೀವ. ಒಂದೇ ಮನೆಯ ಊಟ ಉಂಡ ಇಬ್ಬರಲ್ಲಿ ಒಬ್ಬರ ವಿದ್ಯೆ ಇನ್ನೊಬ್ಬರಿಗೆ ತಿಳಿದಿರಲಿಲ್ಲ.

ಎರಡು ದಿನ ಯಾಕೆ ಸುಮ್ಮನಿದ್ದಿರಿ ಎಂದು ಥೆಮೆಲೀನಾ ಕೇಳಿದಳು. ಮುಳುಗುವವನ ಹಗ್ಗ ಹಿಡಿದು ಮೂವತ್ತು ವರ್ಷ, ಒಬ್ಬನನ್ನೂ ಕಳೆದುಕೊಳ್ಳಲಿಲ್ಲ, ಊರಲ್ಲಿ ತನಗಿದ್ದ ಹೆಸರು ಅದೊಂದೇ ಎಂದ. ಮಂಗಳವಾರ ಸಂಜೆ ಕಾಫಿ ಅಂಗಡಿಯಲ್ಲಿ ಗಂಟು ಗಂಟು ಎಂದು ಜನ ಆಡಿಕೊಂಡಾಗ ತಿಳಿಯಿತಂತೆ. ನಾಳೆ ಹೇಳುತ್ತೇನೆ ಅಂದುಕೊಂಡ. ಬುಧವಾರವೂ ಹಾಗೇ ಅಂದುಕೊಂಡ. ತಂಗಿಯ ಗಂಡ ಜೈಲಿಗೆ ಹೋಗುವುದನ್ನು ನೋಡುತ್ತ ಕೂರುತ್ತಿದ್ದಿರಾ ಎಂಬ ಪ್ರಶ್ನೆಗೆ ಅವನು ಒಳಗಿನ ಕೋಣೆಯ ಕಡೆ ನೋಡಿದ.

"ಅವನಿಗೆ ನಾನೇ ಹೇಳ್ಲಾ?" ಅಂದ.

ಒಳಗಿನ ಕೋಣೆಯಲ್ಲಿ ಪೊಥಿತೋಸ್ ಗೋಡೆಗೆ ಒರಗಿ ಬೆಂಚಿನ ಮೇಲೆ ಕೂತಿದ್ದ. ಡಬ್ಬಿಯ ಅನ್ನ ಹಾಗೇ ಇತ್ತು. ಸಾಕೆಲ್ಲಾರಿ ಕಾಲೆಳೆದುಕೊಂಡು ಹೋಗಿ ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ. ಬಾಗಿಲಲ್ಲಿ ನಿಂತ ಥೆಮೆಲೀನಾಳಿಗೆ ಇಬ್ಬರ ಮುಖದ ಒಂದು ಬದಿಯಷ್ಟೇ ಕಾಣುತ್ತಿತ್ತು.

"ಗಂಟು ಹಾಕಿದ್ದೆ ಕಣೋ ನೀನು," ಅಂದ ಮುದುಕ. "ಬಿಚ್ಚಿದ್ದು ನಾನು."

ಪೊಥಿತೋಸ್ ತಿರುಗಿ ನೋಡಿದ.

"ಹಾಕಿದ್ನಾ?"

"ಹಾಕಿದ್ದೆ. ಒದ್ದೆ ಗಂಟು. ಬೆರಳಿಗೆ ಬರ್ಲಿಲ್ಲ, ಹಲ್ಲಲ್ಲಿ ಕಚ್ಚಿ ಎಳೀಬೇಕಾಯ್ತು."

"ಹಾಕಿದ್ದೆ," ಅಂದ ಪೊಥಿತೋಸ್, ತನಗೆ ತಾನೇ. ಸಿಟ್ಟು ಬರುತ್ತದೆ ಎಂದು ಥೆಮೆಲೀನಾ ಕಾದಳು. ಬರಲಿಲ್ಲ. "ವಾಪಸ್ ಬಂದಾಗ ಒಂದು ಸಲ ತಿರುಗಿ ನೋಡ್ಬೇಕಿತ್ತು ನಾನು. ಅದನ್ನೂ ಬರ್ಕೊಳ್ಳಮ್ಮ."

ಬರೆದುಕೊಂಡಳು. ಸಾಕೆಲ್ಲಾರಿಯ ಹೇಳಿಕೆಯನ್ನೂ ಬರೆದು, ಓದಿ ಹೇಳಿ, ಸಹಿ ಹಾಕಿಸಿದಳು. ಅವಳು ತಲೆ ಎತ್ತುವ ಹೊತ್ತಿಗೆ ಪೊಥಿತೋಸನ ತಲೆ ಗೋಡೆಯಿಂದ ಜಾರಿ ಒಂದು ಕಡೆಗೆ ವಾಲಿತ್ತು. ಬಾಯಿ ಅರೆ ತೆರೆದಿತ್ತು. ಸಣ್ಣಗೆ ಗೊರಕೆ ಕೇಳಿಸುತ್ತಿತ್ತು.

ಸರ್ಕಾರಿ ವಕೀಲರು ನಾಲ್ಕೂ ಇಪ್ಪತ್ತಕ್ಕೆ ಮೆಟ್ಟಿಲು ಹತ್ತಿ ಬಂದರು. ಥೆಮೆಲೀನಾ ಅವರನ್ನು ಹೊರಗೇ ತಡೆದು ಪಿಸುದನಿಯಲ್ಲಿ ಎಲ್ಲ ಹೇಳಿದಳು—ಸೋಮವಾರ ಕತ್ತರಿಸಿದ ತುದಿ, ಅದರ ಮೇಲಿನ ಗಂಟಿನ ಅಚ್ಚು, ಎರಡು ಫೋಟೋಗಳ ನಡುವಿನ ಅಲೆ, ಬೆಣ್ಣೆಯ ಹಾಗೆ ಓಡಿದ ಹಗ್ಗ. ಗೈಡಿನ ರಾಶಿ ಹಗ್ಗ ಎಲ್ಲಾದರೂ ಒಮ್ಮೆ ಸಿಕ್ಕಾಗುತ್ತದೆ, ದೋಣಿಯವನು ಸುತ್ತಿದ್ದು ಆಗುವುದಿಲ್ಲ ಎಂದಳು. ಗೈಡಿನದೂ ಒಂದು ತಪ್ಪಿದೆ, ಅದು ಇಷ್ಟು ಎಂದು ಬೇರೆ ಹಾಳೆಯಲ್ಲಿದ್ದುದನ್ನು ತೋರಿಸಿದಳು. ವಕೀಲರು ಹಾಳೆ ತಿರುವಿದರು. ಇಷ್ಟು ಮೆಲ್ಲಗೆ ಯಾಕೆ ಮಾತಾಡುತ್ತಿದ್ದೀರಿ ಎಂದು ಕೇಳಿದರು. ಅವಳು ಬಾಗಿಲನ್ನು ಸ್ವಲ್ಪ ಸರಿಸಿದಳು.

ಬೆಂಚಿನ ಮೇಲೆ ಇಬ್ಬರು ಗಂಡಸರು. ಎರಡು ದಿನದಿಂದ ಗಡ್ಡ ಬೋಳಿಸದವರು, ಉಪ್ಪುಗಾಳಿಗೆ ಸುಟ್ಟ ಒಂದೇ ಬಣ್ಣದ ಮುಖದವರು.

"ಇವರಲ್ಲಿ ಆರೋಪಿ ಯಾರು?" ವಕೀಲರೂ ಪಿಸುಗುಟ್ಟಿದರು.

"ಎಚ್ಚರವಾಗಿರೋರು, ಸಾರ್," ಅಂದಳು ಥೆಮೆಲೀನಾ.